ಮುಂದೆ ಸುಳ್ಳುಗಾರನಿದ್ದಾನೆ, ಎಚ್ಚರ!

‘ಎಲ್ಡನ್ ರಿಂಗ್’ ಆಟದಲ್ಲಿ ಅಪರಿಚಿತರು ಬಿಟ್ಟುಹೋದ ಒಂದೊಂದು ಸಾಲಿನ ಸುಳಿವೇ ದಾರಿಬುತ್ತಿ. ಆ ಸುಳಿವುಗಳ ಕಥೆ ಇಲ್ಲಿದೆ. ಜೊತೆಗೆ ಹೊಸಬರಿಗೆ ಹಳಬರ ನಾಲ್ಕು ಮಾತು.

ಆಳ ಕಾಣದ ಪ್ರಪಾತ. ಅದರ ಅಂಚಿನ ನೆಲದ ಮೇಲೆ ಮಿನುಗುವ ಒಂದು ಬರಹ. ಹತ್ತಿರ ಹೋಗಿ ಗುಂಡಿ ಒತ್ತಿದರೆ ಓದಲು ಸಿಗುವುದು ಒಂದೇ ಸಾಲು: ‘ಜಿಗಿದು ನೋಡು’. ಜಿಗಿದರೆ ಎರಡರಲ್ಲೊಂದು ಆಗುತ್ತದೆ. ಕೆಳಗೊಂದು ಬಂಡೆ ಕಾಲಿಗೆ ಸಿಕ್ಕಿ, ಮೇಲಿನಿಂದ ಕಾಣದ ಗುಹೆಯ ಬಾಯಿ ತೆರೆದುಕೊಳ್ಳಬಹುದು. ಇಲ್ಲವೇ ‘ನೀನು ಸತ್ತೆ’ ಎಂಬ ಅಕ್ಷರಗಳು ಪರದೆಯ ತುಂಬ ಮೂಡಬಹುದು. ಬರೆದವನು ಉಪಕಾರಿಯೋ ಕಿಡಿಗೇಡಿಯೋ ತಿಳಿಯುವ ಬಗೆ ಇಲ್ಲ. ಪಕ್ಕದಲ್ಲೇ ಇನ್ನೊಬ್ಬ ‘ಮುಂದೆ ಸುಳ್ಳುಗಾರನಿದ್ದಾನೆ’ ಎಂದು ಬರೆದಿಟ್ಟಿರುತ್ತಾನೆ. ಅವನನ್ನಾದರೂ ನಂಬುವುದು ಹೇಗೆ?

ಆಟ ಬಿಡುಗಡೆಯಾದ ಮೊದಲ ವರ್ಷದ ಲೆಕ್ಕವನ್ನು ಪ್ರಕಾಶಕ ಕಂಪನಿ ಬಂದೈ ನಾಮ್ಕೊ ಪ್ರಕಟಿಸಿತ್ತು. ಜಗತ್ತಿನ ಆಟಗಾರರೆಲ್ಲ ಸೇರಿ ಒಂದೇ ವರ್ಷದಲ್ಲಿ 900 ಕೋಟಿಗೂ ಹೆಚ್ಚು ಸಲ ಸತ್ತಿದ್ದರು. ಅದರಲ್ಲಿ ಶೇ 69ರಷ್ಟು ಸಾವು ಶತ್ರುಗಳ ಕೈಯಲ್ಲಿ. ಶೇ 15ರಷ್ಟು ಬರೀ ಎತ್ತರದಿಂದ ಬಿದ್ದು. ಈ ಬಿದ್ದವರಲ್ಲಿ ಎಷ್ಟು ಮಂದಿ ಕಾಲು ಜಾರಿದವರು, ಎಷ್ಟು ಮಂದಿ ‘ಜಿಗಿದು ನೋಡು’ ಎಂಬ ಮಾತಿಗೆ ಮರುಳಾದವರು ಎಂಬುದನ್ನು ಮಾತ್ರ ಕಂಪನಿ ಹೇಳಲಿಲ್ಲ.

ಇಷ್ಟು ಸಾಯಿಸುವ ಆಟವನ್ನು ಜನ ಯಾಕಾದರೂ ಆಡುತ್ತಾರೆ? ಇಲ್ಲಿ ಸೋಲು ಒಬ್ಬನದೇ ಆದರೂ ಸೋತು ಕಲಿತ ಪಾಠ ಎಲ್ಲರದೂ ಆಗುತ್ತದೆ ಎಂಬುದು ಅದಕ್ಕೆ ಒಂದು ಉತ್ತರ.

ದಾರಿ ಹೇಳದ ಲೋಕ

ಟೋಕಿಯೊದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ರೂಪಿಸಿದ ‘ಎಲ್ಡನ್ ರಿಂಗ್’ ತೆರೆಕಂಡದ್ದು 2022ರ ಫೆಬ್ರುವರಿ 25ರಂದು. ನಿರ್ದೇಶಕರು ಹಿಡೆಟಾಕಾ ಮಿಯಾಝಾಕಿ. ಆಟದ ಲೋಕದ ಪುರಾಣವನ್ನು, ಅಂದರೆ ಕಥೆ ಶುರುವಾಗುವುದಕ್ಕೂ ಬಹಳ ಹಿಂದೆ ಅಲ್ಲಿ ನಡೆದ ದೇವ-ದಾಯಾದಿಗಳ ಜಗಳವನ್ನು, ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ 1.2 ಕೋಟಿ ಪ್ರತಿಗಳು ಮಾರಾಟವಾದವು. ಅದೇ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿಯೂ ಬಂತು. 2024ರ ಜೂನ್ 21ರಂದು ಬಂದ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎಂಬ ವಿಸ್ತರಣೆ ಇನ್ನೊಂದು ಭೂಭಾಗವನ್ನೇ ಸೇರಿಸಿತು.

ಓಪನ್ ವರ್ಲ್ಡ್ ಆಟಗಳಲ್ಲಿ ಸಾಮಾನ್ಯವಾಗಿ ನಕ್ಷೆಯ ತುಂಬ ಗುರುತುಗಳಿರುತ್ತವೆ. ಇಲ್ಲಿಗೆ ಹೋಗು, ಇವನನ್ನು ಕೊಲ್ಲು, ಅದನ್ನು ತಂದುಕೊಡು ಎಂದು ಆಟವೇ ಕೈಹಿಡಿದು ನಡೆಸುತ್ತದೆ. ‘ಎಲ್ಡನ್ ರಿಂಗ್’ ಆ ಗೋಜಿಗೆ ಹೋಗುವುದಿಲ್ಲ. ಕೆಲಸಗಳ ಪಟ್ಟಿ ಇಲ್ಲ. ದಣಿವಾರಿಸಿಕೊಳ್ಳುವ ‘ಗ್ರೇಸ್’ ಎಂಬ ತಾಣಗಳಿಂದ ಚಿನ್ನದ ಎಳೆಯೊಂದು ಗಾಳಿಯಲ್ಲಿ ಒಂದು ದಿಕ್ಕಿಗೆ ಹರಿಯುತ್ತದೆ, ಅಷ್ಟೇ. ಉಳಿದದ್ದನ್ನು ಆಟಗಾರನೇ ಹುಡುಕಿಕೊಳ್ಳಬೇಕು, ಇಲ್ಲವೇ ಇನ್ನೊಬ್ಬನನ್ನು ಕೇಳಬೇಕು. ಕೇಳುವುದಕ್ಕೂ ಹೇಳುವುದಕ್ಕೂ ಬೇಕಾದ ಏರ್ಪಾಡು ಆಟದ ಒಳಗೇ ಇದೆ.

ಪದ ಎಣಿಸಿ ಮಾತಾಡುವ ಊರು

ನೆಲದ ಮೇಲೆ ಸಂದೇಶ ಬರೆಯಬಹುದು, ಆದರೆ ಮನಸ್ಸಿಗೆ ಬಂದದ್ದನ್ನಲ್ಲ. ಆಟ ಕೊಡುವ ಸಿದ್ಧ ವಾಕ್ಯಗಳಲ್ಲಿ ಒಂದನ್ನು ಆರಿಸಿ, ಖಾಲಿ ಜಾಗಕ್ಕೆ ಆಟವೇ ಕೊಟ್ಟ ಪದಕೋಶದಿಂದ ಒಂದು ಪದ ತುಂಬಬೇಕು. ಬೇಕಿದ್ದರೆ ಅಂಥ ಎರಡು ವಾಕ್ಯಗಳನ್ನು ಜೋಡಿಸಬಹುದು. ‘ಮುಂದೆ ಹೊಂಚು ಇದೆ’, ‘ಬೆಂಕಿ ಬಳಸಿ ನೋಡು’, ‘ಇಲ್ಲಿ ಗುಪ್ತ ದಾರಿ ಇಲ್ಲ’ ಇತ್ಯಾದಿ. ಬೈಗುಳಕ್ಕೆ ಪದವಿಲ್ಲ, ಊರು ಕೇರಿ ಜಾತಿ ಕೇಳಲು ಪದವಿಲ್ಲ. ಸಿದ್ಧ ವಾಕ್ಯಗಳಾದ್ದರಿಂದ ಜಪಾನಿನವನು ತನ್ನ ಭಾಷೆಯಲ್ಲಿ ಬರೆದದ್ದು ಬ್ರೆಜಿಲ್‌ನವನಿಗೆ ಪೋರ್ಚುಗೀಸಿನಲ್ಲೇ ಕಾಣುತ್ತದೆ.

ಬರೆದವರಿಗೆ ಲಾಭವೂ ಉಂಟು. ನಿಮ್ಮ ಸಂದೇಶವನ್ನು ಓದಿದ ಯಾರಾದರೂ ಮೆಚ್ಚುಗೆ ಒತ್ತಿದರೆ, ಆ ಹೊತ್ತಿಗೆ ನೀವು ಎಲ್ಲೇ ಇರಿ, ನಿಮ್ಮ ಪಾತ್ರದ ಜೀವಶಕ್ತಿ ತುಂಬಿಕೊಳ್ಳುತ್ತದೆ. ರಾಕ್ಷಸನೊಬ್ಬನ ಎದುರು ಕೊನೆಯ ಉಸಿರಿನಲ್ಲಿದ್ದಾಗ ಎಲ್ಲೋ ಇರುವ ಅಪರಿಚಿತನ ಮೆಚ್ಚುಗೆಯಿಂದ ಬದುಕಿಕೊಂಡವರು ಬಹಳ ಮಂದಿ. ನನಗೂ ಆ ಭಾಗ್ಯ ದಕ್ಕಿದೆ. ಸೇತುವೆಯ ಬುಡದಲ್ಲಿ ಬರೆದಿಟ್ಟು ಮರೆತೇಬಿಟ್ಟಿದ್ದ ಒಂದು ಸಾಧಾರಣ ಎಚ್ಚರಿಕೆಗೆ ಯಾರೋ ಕೊಟ್ಟ ಮೆಚ್ಚುಗೆ ಅದು.

ಪದಗಳಿಗೆ ಕಡಿವಾಣ ಹಾಕಿದರೆ ಕುಚೇಷ್ಟೆ ನಿಲ್ಲುತ್ತದೆಯೇ? ಆಟಗಾರರು ಆಮೆಯನ್ನು ಕಂಡಲ್ಲೆಲ್ಲ ‘ನಾಯಿ’ ಎಂದು ಬರೆಯತೊಡಗಿದರು. ‘ಚರ್ಚ್ ಆಫ್ ವೌಸ್’ನಲ್ಲಿ ಗುರುಗಳ ಟೋಪಿ ಧರಿಸಿ ಕುಳಿತ ಮಿರಿಯಲ್ ಎಂಬ ದೈತ್ಯ ಆಮೆಯ ಮುಂದೆ ನಾಯಿಯ ಗುಣಗಾನ ಮಾಡುವ ಸಂದೇಶಗಳ ರಾಶಿಯೇ ಬಿದ್ದಿರುತ್ತದೆ. ಮೊದಲ ಸಲ ಓದಿದವನಿಗೆ ತಲೆಬುಡ ತಿಳಿಯುವುದಿಲ್ಲ. ನಾಲ್ಕನೆಯ ಸಲಕ್ಕೆ ಅವನೂ ಒಂದು ಆಮೆ ಹುಡುಕಿಕೊಂಡು ಹೋಗಿ ‘ನಾಯಿ’ ಎಂದು ಬರೆದಿರುತ್ತಾನೆ.

ಸಂದೇಶಗಳ ಜೊತೆಗೆ ರಕ್ತದ ಕಲೆಗಳೂ ಇವೆ. ಇನ್ನೊಬ್ಬ ಆಟಗಾರ ಸತ್ತ ಜಾಗದಲ್ಲಿ ಉಳಿಯುವ ಗುರುತು ಅದು. ಮುಟ್ಟಿದರೆ ಅವನ ಕೆಂಪು ನೆರಳು ಎದ್ದು, ಕೊನೆಯ ಕೆಲವು ಕ್ಷಣ ಏನು ಮಾಡಿದ, ಯಾವ ಕಡೆಗೆ ಓಡಿದ, ಹೇಗೆ ಬಿದ್ದ ಎಂಬುದನ್ನು ಆಡಿ ತೋರಿಸುತ್ತದೆ. ನಮ್ಮ ಊರುಗಳ ಗಡಿಯಲ್ಲಿ ನಿಂತಿರುವ ವೀರಗಲ್ಲುಗಳು ಮಾಡುವ ಕೆಲಸವೂ ಇದೇ: ಇಂಥವನು ಇಲ್ಲಿ, ಹೀಗೆ ಬಿದ್ದ ಎಂದು ದಾರಿಹೋಕನಿಗೆ ಹೇಳುವುದು. ಬಾಗಿಲೊಂದರ ಮುಂದೆ ಹತ್ತಾರು ಕಲೆಗಳಿದ್ದರೆ ಒಳಗೆ ಕಾದಿರುವವನು ಸಾಮಾನ್ಯನಲ್ಲ ಎಂದು ಅರ್ಥ.

ಹಿಮದಲ್ಲಿ ಸಿಕ್ಕಿಬಿದ್ದ ಕಾರು

ಈ ಏರ್ಪಾಡು ಹುಟ್ಟಿದ್ದು 2009ರಲ್ಲಿ ಇದೇ ಸಂಸ್ಥೆಯಿಂದ ಬಂದ ‘ಡೀಮನ್ಸ್ ಸೋಲ್ಸ್’ ಆಟದಲ್ಲಿ. ಅದರ ಹಿಂದಿನ ಪ್ರಸಂಗವನ್ನು ಮಿಯಾಝಾಕಿ 2010ರ ಸಂದರ್ಶನವೊಂದರಲ್ಲಿ ಹೇಳಿದ್ದರು. ಹಿಮ ಸುರಿದ ದಿನ ಗುಡ್ಡದ ಏರಿನಲ್ಲಿ ಅವರ ಕಾರು ಜಾರತೊಡಗಿತು. ಹಿಂದಿನ ಕಾರುಗಳದೂ ಅದೇ ಪಾಡು. ಆಗ ಹಿಂದಿನವರು ಮುಂದಿನವರ ಕಾರನ್ನು ತಳ್ಳುತ್ತ ಒಬ್ಬೊಬ್ಬರನ್ನಾಗಿ ಏರು ದಾಟಿಸಿದರು. ಮಿಯಾಝಾಕಿಯೂ ದಾಟಿದರು. ಆದರೆ ಇಳಿದು ಧನ್ಯವಾದ ಹೇಳುವಂತಿರಲಿಲ್ಲ. ನಿಲ್ಲಿಸಿದರೆ ಕಾರು ಮತ್ತೆ ಸಿಕ್ಕಿಬೀಳುತ್ತಿತ್ತು. ಸಾಲಿನ ಕೊನೆಯಲ್ಲಿದ್ದವನು ಮನೆ ಸೇರಿದನೋ ಇಲ್ಲವೋ ಎಂಬ ಯೋಚನೆ ಅವರನ್ನು ಮನೆಯವರೆಗೂ ಬಿಡಲಿಲ್ಲ. ಹೆಸರು ಗೊತ್ತಿಲ್ಲದವರು ಒಂದು ಗಳಿಗೆ ಕೈಕೊಟ್ಟು ಮರೆಯಾಗುವ ಆ ಅನುಭವವನ್ನೇ ಅವರು ಆಟದೊಳಗೆ ತಂದರು.

ಹುಡುಗನಾಗಿದ್ದಾಗ ಅವರು ತಮ್ಮ ಓದಿನ ಮಟ್ಟಕ್ಕೆ ಮೀರಿದ ಪುಸ್ತಕಗಳನ್ನು ಗ್ರಂಥಾಲಯದಿಂದ ತಂದು, ಅರ್ಥವಾಗದ ಭಾಗಗಳನ್ನು ಚಿತ್ರ ನೋಡಿ ಊಹಿಸಿಕೊಳ್ಳುತ್ತಿದ್ದರಂತೆ. ಅವರ ಆಟಗಳಲ್ಲಿ ಕಥೆ ಯಾಕೆ ಅರ್ಧಂಬರ್ಧ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಗುಟ್ಟನ್ನು ಹಂಚಿಕೊಂಡು ಆಡುವ ಪದ್ಧತಿ ಜಪಾನಿನಲ್ಲಿ ಇನ್ನೂ ಹಳೆಯದು. 1984ರಲ್ಲಿ ಇದೇ ನಾಮ್ಕೊ ಕಂಪನಿ, ಮಾಸಾನೊಬು ಎಂಡೊ ವಿನ್ಯಾಸ ಮಾಡಿದ ‘ದಿ ಟವರ್ ಆಫ್ ಡ್ರುವಾಗಾ’ ಎಂಬ ಆಟವನ್ನು ಆರ್ಕೇಡ್‌ಗಳಿಗೆ ತಂದಿತು. 60 ಮಹಡಿಗಳ ಗೋಪುರ. ಮಹಡಿಗಳಲ್ಲಿ ಅಡಗಿದ ಪೆಟ್ಟಿಗೆ ಹೊರಬರಲು ಒಂದೊಂದು ವಿಚಿತ್ರ ಕೆಲಸ ಮಾಡಬೇಕು. ಏನು ಮಾಡಬೇಕೆಂದು ಆಟ ಹೇಳುತ್ತಿರಲಿಲ್ಲ. ನಾಣ್ಯ ಹಾಕಿ ಹಾಕಿ ಕಿಸೆ ಖಾಲಿಯಾದ ಹುಡುಗರು ಆರ್ಕೇಡ್‌ಗಳಲ್ಲಿ ಇಟ್ಟಿರುತ್ತಿದ್ದ ನೋಟ್‌ಬುಕ್‌ಗಳಲ್ಲಿ ತಾವು ಕಂಡುಕೊಂಡದ್ದನ್ನು ಬರೆದಿಟ್ಟರು. ಮಾರನೆಯ ದಿನ ಬಂದವನು ಅದನ್ನು ಓದಿ ಇನ್ನೊಂದು ಮಹಡಿ ಹತ್ತಿದ. ಎರಡು ವರ್ಷದ ನಂತರ ಬಂದ ‘ದಿ ಲೆಜೆಂಡ್ ಆಫ್ ಝೆಲ್ಡಾ’ ಕುರಿತು ಅದರ ನಿರ್ಮಾತೃ ಶಿಗೆರು ಮಿಯಾಮೊಟೊ ಹೇಳಿದ್ದೂ ಇದನ್ನೇ: ಆಟಗಾರರು ಒಬ್ಬರನ್ನೊಬ್ಬರು ಕೇಳಿ ತಿಳಿಯಲಿ ಎಂಬುದು ಅವರ ಆಸೆಯಾಗಿತ್ತು. ಅಂದಿನ ನೋಟ್‌ಬುಕ್ಕೇ ಈಗ ಆಟದ ನೆಲಕ್ಕೆ ಇಳಿದಿದೆ.

ಹೊಸಬರಿಗೆ ಹಳಬರ ಮಾತು

ಎಷ್ಟೋ ಜನ ಎಡವಿ ಎಡವಿ ಕಲಿತ ಪಾಠಗಳು ಆಟಗಾರರ ಬಾಯಲ್ಲಿ ಗಾದೆಯಂತೆ ಓಡಾಡುತ್ತವೆ. ಅವುಗಳಲ್ಲಿ ಮೊದಲಿನದು ‘ಟ್ರೀ ಸೆಂಟಿನೆಲ್’ ಕುರಿತದ್ದು. ಆಟ ಶುರುವಾಗಿ ಬಯಲಿಗೆ ಕಾಲಿಟ್ಟ ಕೂಡಲೇ, ಲಿಮ್‌ಗ್ರೇವ್ ಎಂಬ ಹಸಿರು ನಾಡಿನಲ್ಲಿ, ಕುದುರೆಯೇರಿದ ಹೊನ್ನ ಕವಚದ ಯೋಧನೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಎದುರಿಗೆ ಬಂದವನನ್ನು ಹೊಡೆಯಲೇಬೇಕು ಎಂದು ಬೇರೆ ಆಟಗಳು ಕಲಿಸಿರುತ್ತವೆ. ಕತ್ತಿ ಎತ್ತಿದವರು ಎರಡೇ ಪೆಟ್ಟಿಗೆ ನೆಲ ಕಚ್ಚುತ್ತಾರೆ. ಮೊದಲ ವರ್ಷದಲ್ಲಿ ಅವನ ಮೇಲೆ ಸುಮಾರು 28 ಕೋಟಿ ಸಲ ಕಾದಾಟ ನಡೆದಿತ್ತು. ಹಳಬರು ಹೇಳುವುದು ಇಷ್ಟೇ: ಬಳಸಿಕೊಂಡು ಹೋಗು, ಬಲಿತ ಮೇಲೆ ಬಾ. ಈ ಆಟದಲ್ಲಿ ಓಡಿಹೋಗುವುದು ಹೇಡಿತನವಲ್ಲ ಎಂಬುದನ್ನು ಕಲಿಸಲೆಂದೇ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ.

ಎರಡನೆಯದು ಅಗೀಲ್ ಕೆರೆಯ ನಡುವಿನ ಪಾಳುಕಟ್ಟಡದ ನೆಲಮಾಳಿಗೆಯ ಪೆಟ್ಟಿಗೆ. ಆಸೆಯಿಂದ ತೆರೆದರೆ ಹೊಗೆ ಎದ್ದು, ಕೇಲಿಡ್ ಎಂಬ ಕೊಳೆತ ಕೆಂಪು ನಾಡಿನ ಗಣಿಯೊಂದಕ್ಕೆ ಎತ್ತಿ ಹಾಕುತ್ತದೆ. ಗಣಿಯಿಂದ ಹೊರಬೀಳುವ ತನಕ ಮ್ಯಾಪ್ ತೆರೆದು ಹಾರಿಬರುವ ಅನುಕೂಲವೂ ಇಲ್ಲ. ಆ ಪೆಟ್ಟಿಗೆಯ ಮುಂದೆ ‘ನಿಧಿ ಇದೆ’ ಎನ್ನುವವರೂ ‘ಬೇಡ’ ಎನ್ನುವವರೂ ಬರೆದಿರುತ್ತಾರೆ. ಸಿಕ್ಕಿಬಿದ್ದರೆ ಹೋರಾಡಬೇಡಿ, ಬಾಗಿ ನಡೆದು ನುಸುಳಿಕೊಂಡು ಹೊರಬನ್ನಿ.

ಮೂರನೆಯದು ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲು ಕಾಯುವ ಮಾರ್ಗಿಟ್. ಚಿನ್ನದ ಎಳೆ ನೇರ ಅವನ ಬಳಿಗೇ ಕರೆದೊಯ್ಯುತ್ತದೆ. ಹೊಸಬರಲ್ಲಿ ಹಲವರು ಆಟ ಬಿಡುವುದು ಇಲ್ಲೇ. ಹಾಗಾಗಿ ಎಳೆಗೆ ಬೆನ್ನು ಹಾಕಿ ದಕ್ಷಿಣಕ್ಕೆ ಹೋಗಿ ಎನ್ನುತ್ತಾರೆ ಅನುಭವಿಗಳು. ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ. ಅಲ್ಲಿನ ಪಾಳುಬಿದ್ದ ಚರ್ಚುಗಳಲ್ಲಿ ಸಿಗುವ ‘ಸೇಕ್ರೆಡ್ ಟಿಯರ್’ಗಳು ನಿಮ್ಮ ಮದ್ದಿನ ಬಲವನ್ನು ಹೆಚ್ಚಿಸುತ್ತವೆ. ಮರಳಿ ಬಂದಾಗ ಅದೇ ಮಾರ್ಗಿಟ್ ಅಷ್ಟು ಎತ್ತರವಾಗಿ ಕಾಣುವುದಿಲ್ಲ. ಅವನ ಕೋಲಿನ ಗುಟ್ಟೂ ಇದೆ. ಎತ್ತಿ ಹಿಡಿದು ಕಾಯಿಸುತ್ತಾನೆ. ಎತ್ತಿದ ಕೂಡಲೇ ಉರುಳಿದರೆ ಏಟು ಖಚಿತ. ಕೋಲು ಇಳಿಯತೊಡಗಿದ ಮೇಲೆ ಉರುಳಬೇಕು.

ಇನ್ನು ಚಿಕ್ಕಪುಟ್ಟ ಮಾತುಗಳು:

• ಲೆವೆಲ್ ಏರಿಸುವಾಗ ‘ವಿಗರ್’ಗೆ, ಅಂದರೆ ಜೀವಬಲಕ್ಕೆ ಮೊದಲ ಪಾಲು. 40ರ ತನಕ ಏರಿಸಿದ್ದಕ್ಕೂ ಒಳ್ಳೆಯ ಪ್ರತಿಫಲವಿದೆ, 60ರ ನಂತರ ಹೆಚ್ಚೇನೂ ಸಿಗದು.

• ಹೊತ್ತ ಭಾರ ಶೇ 70 ದಾಟಬಾರದು. ದಾಟಿದರೆ ಉರುಳಾಟ ನಿಧಾನವಾಗಿ ಏಟು ತಪ್ಪಿಸಿಕೊಳ್ಳುವುದು ಕಷ್ಟ.

• ಗಳಿಸಿದ ‘ರೂನ್’ಗಳೇ ಹಣ, ಅವೇ ಅನುಭವ. ಸತ್ತರೆ ಅಲ್ಲೇ ಬೀಳುತ್ತವೆ. ಮರಳಿ ಪಡೆಯಲು ಒಂದೇ ಅವಕಾಶ. ದೊಡ್ಡ ಕಾದಾಟಕ್ಕೆ ಮುಂಚೆ ಖರ್ಚು ಮಾಡಿಬಿಡಿ.

• ಇನ್ನೂ ತೆರೆಯದ ಮ್ಯಾಪ್‌ನಲ್ಲೂ ಸಣ್ಣ ಕಲ್ಲುಕಂಬದ ಚಿತ್ರ ಕಾಣುತ್ತದೆ. ಆ ಭಾಗದ ನಕ್ಷೆ ಅದರ ಬುಡದಲ್ಲೇ ಇರುತ್ತದೆ.

• ಟಾರೆಂಟ್ ಎಂಬ ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲ್ಲೆಗೆ ಮರಳಿ ಹೋಗಿ. ಅಲ್ಲಿ ಕಾದಿರುವ ಮಾಟಗಾತಿ ಕೊಡುವ ಗಂಟೆಯಿಂದ ಆತ್ಮಗಳನ್ನು ನೆರವಿಗೆ ಕರೆಯಬಹುದು.

ಗೋಡೆಗೆ ಐವತ್ತು ಏಟು

ಕೆಲವು ಗುಟ್ಟುಗಳನ್ನು ಒಬ್ಬನೇ ಬಿಡಿಸುವುದು ಅಸಾಧ್ಯಕ್ಕೆ ಹತ್ತಿರ. ರಾನಿ ಎಂಬ ಮಾಟಗಾತಿಯ ಕಥೆಯನ್ನೇ ನೋಡಿ. ರಡಾನ್ ಎಂಬ ಸೇನಾನಿಯನ್ನು ಸೋಲಿಸಿದ ಮೇಲೆ ಆಕಾಶದಿಂದ ನಕ್ಷತ್ರ ಬಿದ್ದು ಲಿಮ್‌ಗ್ರೇವ್‌ನ ಕಾಡಿನ ಬಳಿ ದೊಡ್ಡ ಕುಳಿಯಾಗುತ್ತದೆ. ಅದರೊಳಗಿಳಿದರೆ ನೆಲದಡಿಯ ನಗರ. ಮುಂದೊಂದು ಹಂತದಲ್ಲಿ ಕೈಗೆ ಪುಟ್ಟ ಗೊಂಬೆ ಸಿಗುತ್ತದೆ. ಗ್ರೇಸ್‌ನಲ್ಲಿ ಕುಳಿತು ಅದನ್ನು ಮಾತಾಡಿಸಬೇಕು. ಮೊದಲು ಅದು ತುಟಿ ಬಿಚ್ಚುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ಮಾತ್ರ ಉತ್ತರ. ಮಾತಾಡದ ಗೊಂಬೆಯನ್ನು ಮೂರನೆಯ ಸಲವೂ ಮಾತಾಡಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಯಾರಿಗೋ ಹೊಳೆಯಿತು, ಅವರು ಇತರರಿಗೆ ಹೇಳಿದರು.

ಪಾತ್ರಗಳು ಎಲ್ಲಿ ಸಿಕ್ಕಿದ್ದವೆಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕಾಗಿದ್ದ ಆಟಗಾರರ ಗೊಣಗಾಟ ಸಂಸ್ಥೆಗೂ ಮುಟ್ಟಿತು. 2022ರ ಮಾರ್ಚ್ 17ರ 1.03 ಪ್ಯಾಚ್‌ನಲ್ಲಿ, ಭೇಟಿಯಾದವರ ಹೆಸರು ಮ್ಯಾಪ್‌ನಲ್ಲಿ ದಾಖಲಾಗುವ ವ್ಯವಸ್ಥೆ ಬಂತು. ಮುಂದೇನು ಮಾಡಬೇಕೆಂಬುದನ್ನು ಮಾತ್ರ ಆಗಲೂ ಹೇಳಲಿಲ್ಲ.

ಆ ದಿನಗಳದೇ ಇನ್ನೊಂದು ತಮಾಷೆ. ಆಟದಲ್ಲಿ ಹೊಡೆದರೆ ಮಾಯವಾಗುವ ಸುಳ್ಳು ಗೋಡೆಗಳಿವೆ, ಸಾಮಾನ್ಯವಾಗಿ ಒಂದೇ ಏಟು ಸಾಕು. ಆದರೆ ವಾಲ್ಕೆನೊ ಮ್ಯಾನರ್‌ನ ಒಂದು ಗೋಡೆ ಐವತ್ತರಷ್ಟು ಏಟು ತಿಂದು ಕರಗುತ್ತದೆ ಎಂದು ಯಾರೋ ಕಂಡುಹಿಡಿದರು. ಸುದ್ದಿ ಹಬ್ಬಿದ್ದೇ ತಡ, ಕಂಡ ಕಂಡ ಗೋಡೆಗೆಲ್ಲ ಜನ ಕತ್ತಿ ಬೀಸತೊಡಗಿದರು. ಇದು ನಿರ್ಮಾಪಕರ ಕೈತಪ್ಪಿನಿಂದ ಉಳಿದುಹೋದ ದೋಷವಿರಬೇಕು ಎಂದು ಆಟದ ಕಡತ ಕೆದಕಿ ನೋಡುವವರು ಆಮೇಲೆ ಹೇಳಿದರು. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಗೋಡೆಗಳು ಏಟು ತಿಂದಾಗಿತ್ತು.

ತಲೆಗೆ ಗಡಿಗೆ, ಕೈಗೆ ಎರಡು ಕತ್ತಿ

ಸುಳಿವಿನಿಂದಲೂ ಸಾಗದಿದ್ದಾಗ ಮನುಷ್ಯರೇ ಬೇಕು. ಎರ್ಡ್‌ಲೀಫ್ ಹೂವಿನಿಂದ ಮಾಡಿದ ಮದ್ದು ಬಳಸಿದರೆ ಇತರ ಆಟಗಾರರು ನೆಲದ ಮೇಲೆ ಬಿಟ್ಟ ಚಿನ್ನದ ಬಣ್ಣದ ಗುರುತುಗಳು ಕಾಣುತ್ತವೆ. ಮುಟ್ಟಿದರೆ ಅವರು ನಿಮ್ಮ ಲೋಕಕ್ಕೆ ಬಂದು ಹೆಗಲಿಗೆ ಹೆಗಲು ಕೊಡುತ್ತಾರೆ. ಬಾಸ್, ಅಂದರೆ ಆ ತಾಣದ ಮುಖ್ಯ ಎದುರಾಳಿ, ಬಿದ್ದ ಕೂಡಲೇ ತಮ್ಮ ಲೋಕಕ್ಕೆ ಮರಳುತ್ತಾರೆ. ಒಂದು ನಮಸ್ಕಾರಕ್ಕೆ ಸಮಯವಿದ್ದರೆ ಅದೇ ಹೆಚ್ಚು.

ಆಟದ ಅತ್ಯಂತ ಕಠಿಣ ಎದುರಾಳಿ ಮಲೇನಿಯಾ. ಹಾಲಿಗ್‌ಟ್ರೀ ಎಂಬ ಮಹಾವೃಕ್ಷದ ಬೇರಿನಲ್ಲಿ ಕಾದಿರುವ ಒಕ್ಕೈ ವೀರಳು. ನಿಮಗೆ ಅವಳ ಏಟು ತಾಗಿದಾಗಲೆಲ್ಲ ಅವಳ ಗಾಯ ಮಾಯುತ್ತದೆ. ಮೊದಲ ವರ್ಷದಲ್ಲಿ ಅವಳ ವಿರುದ್ಧ 32.9 ಕೋಟಿ ಕಾದಾಟಗಳಾದವು, ಬೇರಾವ ಬಾಸ್‌ಗೂ ಅಷ್ಟಿಲ್ಲ. 2022ರ ಬೇಸಿಗೆಯ ಹೊತ್ತಿಗೆ ಅವಳ ಕೋಣೆಯ ಹೊರಗೆ ‘ಲೆಟ್ ಮಿ ಸೋಲೋ ಹರ್’, ಅಂದರೆ ‘ಅವಳನ್ನು ನನಗೊಬ್ಬನಿಗೇ ಬಿಡಿ’ ಎಂಬ ಹೆಸರಿನ ಗುರುತು ಕಾಣತೊಡಗಿತು. ಕರೆದರೆ ಬರುತ್ತಿದ್ದವನು ಸೊಂಟಕ್ಕೊಂದು ತುಂಡುಬಟ್ಟೆ, ತಲೆಗೆ ಗಡಿಗೆ, ಎರಡು ಕೈಗೆ ಎರಡು ಕತ್ತಿ ಇಷ್ಟರಲ್ಲೇ ಬರುತ್ತಿದ್ದ. ಕರೆದವನು ಮೂಲೆಯಲ್ಲಿ ನಿಂತು ನೋಡಿದರೆ ಸಾಕು. ಮೇ ತಿಂಗಳಿಗೆ ಅವನ ಗೆಲುವುಗಳು ಸಾವಿರ ಮುಟ್ಟಿದವು. ಜುಲೈನಲ್ಲಿ ಬಂದೈ ನಾಮ್ಕೊ ಅವನಿಗೆ ನಿಜವಾದ ಕತ್ತಿಯೊಂದನ್ನು ಉಡುಗೊರೆ ಕಳಿಸಿತು. ಅವನೇನೂ ಹುಟ್ಟು ಶೂರನಲ್ಲ. ಅವಳ ಕೈಯಲ್ಲಿ ನೂರಾರು ಸಲ ಸತ್ತೇ ಅವಳ ಪ್ರತಿ ಹೆಜ್ಜೆಯನ್ನೂ ಕಲಿತವನು. ಕಲಿತದ್ದನ್ನು ಮುಚ್ಚಿಟ್ಟುಕೊಳ್ಳಲಿಲ್ಲ ಎಂಬುದೇ ಅವನ ದೊಡ್ಡಸ್ತಿಕೆ.

ಎಷ್ಟು ಹೇಳಬೇಕು?

ಎಲ್ಲವನ್ನೂ ಹೇಳಿಬಿಡುವುದು ಸುಳಿವಲ್ಲ. ಇಂಥ ಬಾಗಿಲ ಹಿಂದೆ ಇಂಥವನಿದ್ದಾನೆ, ಇಂಥ ಕತ್ತಿಯಿಂದ ಇಷ್ಟು ಸಲ ಹೊಡೆ, ಸತ್ತರೆ ಇಂಥದ್ದು ಸಿಗುತ್ತದೆ ಎಂದು ಮೊದಲೇ ಕೇಳಿದವನಿಗೆ ಆಡಲು ಏನು ಉಳಿಯುತ್ತದೆ? ಅನುಭವಸ್ಥರು ಹೊಸಬರಿಗೆ ‘ದಕ್ಷಿಣಕ್ಕೆ ಹೋಗಿ ನೋಡು’ ಎನ್ನುತ್ತಾರೆ, ಅಲ್ಲೇನಿದೆ ಎಂದು ಹೇಳುವುದಿಲ್ಲ. ‘ಆ ಗೋಡೆಯನ್ನು ಸ್ವಲ್ಪ ಗಮನಿಸು’ ಎಂದು ಸುಮ್ಮನಾಗುತ್ತಾರೆ. ಬೆರಳೆಣಿಕೆಯ ಪದಗಳ ಮಿತಿಯೇ ಈ ಸಂಯಮವನ್ನು ಕಲಿಸುತ್ತದೆ. ಒಂದೇ ಸಾಲಿನಲ್ಲಿ ದಿಕ್ಕು ತೋರಿಸಬಹುದು, ಉತ್ತರ ತುಂಬಿಸಲಾಗದು.

ಈ ಆಟದಲ್ಲಿ ಕನ್ನಡವಿಲ್ಲ, ಭಾರತದ ಬೇರೆ ಭಾಷೆಯೂ ಇಲ್ಲ. ಇಲ್ಲಿಂದ ಆಡುವವರಿಗೆ ಎರಡು ಅನುಕೂಲಗಳನ್ನು ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಬೇರೆ ಪ್ರದೇಶದವರ ಜೊತೆಗೂ ಆಡುವ ಆಯ್ಕೆಯನ್ನು ತೆರೆದಿಟ್ಟರೆ ನೆರವಿಗೆ ಬರುವವರ ಸಂಖ್ಯೆ ಹೆಚ್ಚುತ್ತದೆ, ಸಂಪರ್ಕ ಕೊಂಚ ನಿಧಾನವಾದೀತು. ಗೆಳೆಯರೆಲ್ಲ ಒಂದೇ ಗುಂಪು ಪಾಸ್‌ವರ್ಡ್ ಇಟ್ಟುಕೊಂಡರೆ ಪರಸ್ಪರರ ಸಂದೇಶ, ರಕ್ತದ ಕಲೆ, ಗುರುತುಗಳಿಗೆ ಆದ್ಯತೆ ಸಿಗುತ್ತದೆ. ಹುಬ್ಬಳ್ಳಿಯವನು ಬರೆದದ್ದು ಮೈಸೂರಿನವನ ಕಣ್ಣಿಗೆ ಬೀಳಲು ಇರುವ ಸುಲಭದ ದಾರಿ ಇದು. ಪೋಷಕರಿಗೂ ಒಂದು ಮಾತು: ಯುರೋಪಿನಲ್ಲಿ ಇದಕ್ಕೆ 16 ವರ್ಷ ಮೇಲ್ಪಟ್ಟವರ ಆಟ ಎಂಬ ಮುದ್ರೆಯಿದೆ. ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಈ ಬರಹಗಳು ಶಾಶ್ವತವಲ್ಲ ಎಂಬುದೂ ನೆನಪಿರಲಿ. ಅವು ಇರುವುದು ಕಂಪನಿಯ ಸರ್ವರ್‌ಗಳಲ್ಲಿ. ಎಲ್ಲಕ್ಕೂ ಮೂಲವಾದ 2009ರ ‘ಡೀಮನ್ಸ್ ಸೋಲ್ಸ್’ನ ಸರ್ವರ್‌ಗಳನ್ನು 2018ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಒಂಬತ್ತು ವರ್ಷ ಜನ ಬರೆದಿಟ್ಟ ಸುಳಿವು, ಎಚ್ಚರಿಕೆ, ಕುಚೋದ್ಯ ಎಲ್ಲವೂ ಅಂದೇ ಅಳಿಸಿಹೋದವು. ಆ ಹಳೆಯ ಆಟವನ್ನು ಇಂದು ಆಡುವವನಿಗೆ ಕಂಪನಿಯ ಸರ್ವರ್‌ಗಳ ಆಸರೆ ಇಲ್ಲ. ‘ಎಲ್ಡನ್ ರಿಂಗ್’ಗೂ ಒಂದು ದಿನ ಆ ಗತಿ ಬರುತ್ತದೆ.

ಹಾಗಾಗಿ ಈಗ ಆಡುತ್ತಿರುವವರಲ್ಲಿ ಒಂದು ಕೋರಿಕೆ. ಇನ್ನೊಬ್ಬರ ಸುಳಿವಿನಿಂದ ಬದುಕಿಕೊಂಡಾಗ ಮೆಚ್ಚುಗೆಯ ಗುಂಡಿ ಒತ್ತುವುದನ್ನು ಮರೆಯಬೇಡಿ, ಅದರಿಂದ ಬರೆದವರ ಜೀವ ಉಳಿಯಬಹುದು. ನೀವು ಬಹಳ ಸಲ ಬಿದ್ದ ಜಾಗದಲ್ಲಿ ಒಂದು ಸಾಲು ಬರೆದೇ ಮುಂದೆ ಹೋಗಿ. ತಮಾಷೆಗೆ ನಾಲ್ಕು ಸುಳ್ಳು ಬರೆದರೂ ಪರವಾಗಿಲ್ಲ, ಐದನೆಯದಾದರೂ ನಿಜವಿರಲಿ.